ಬಿಚ್ಚದ ಅಂಗಿ

ಮಾಸ್ಟರಿಗೆ ಭಯವಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರನ್ನು ಬೀದಿಯಲ್ಲಿ ಕಂಡ ಯಾರೂ ನಂಬುವ ಮಾತಲ್ಲ ಅದು. ಎಪ್ಪತ್ತೆಂಟರ ಮನುಷ್ಯ, ಬೆನ್ನು ನೆಟ್ಟಗೆ, ಕಾಲರಿನ ಎರಡು ತುದಿಯೂ ಸರಿಸಮ, ಅಂಗಿಯ ಗುಂಡಿ ಒಂದೂ ತಪ್ಪಿರುತ್ತಿರಲಿಲ್ಲ. ಮೂಲೆಯ ಔಷಧದ ಅಂಗಡಿಯವನು ತನ್ನ ಬೊಜ್ಜು ಹೊಟ್ಟೆಯ ತಮ್ಮನಿಗೆ, "ನೋಡೋ, ವಯಸ್ಸಾದ್ರೆ ಹೀಗಿರ್ಬೇಕು" ಎಂದು ಅವರನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದ. ಅವನಿಗೇನು ಗೊತ್ತು, ಪಾಪ! ಆ ಗುಂಡಿಗಳನ್ನು ಮಾಸ್ಟರು ಮುಟ್ಟಿ ಒಂದೂವರೆ ವರ್ಷವಾಗಿತ್ತು.

ಮಾಸ್ಟರು ಅಂದರೆ ಶಾಲೆಯ ಮಾಸ್ಟರಲ್ಲ, ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರು. ಓದು ತಲೆಗೆ ಹತ್ತದೆ ಹದಿನೇಳನೆಯ ವಯಸ್ಸಿನಲ್ಲಿ ಆ ಅಂಗಡಿಯ ಮೆಟ್ಟಿಲು ಹತ್ತಿದವರು ನಲವತ್ತಾರು ವರ್ಷ ಕಳೆದು ಇಳಿದರು. ಮೊದಲ ಮೂರು ವರ್ಷ ಬರೀ ಕಾಜಾ, ಅಂದರೆ ಗುಂಡಿ ತೂರುವ ಸೀಳಿನ ಸುತ್ತ ದಾರ ಬಿಗಿಯುವ ಕೆಲಸ. ಆಮೇಲೆ ಮಿಷನ್ನು. ಆಮೇಲೆ ಉದ್ದನೆಯ ಮೇಜು, ಸೀಮೆಸುಣ್ಣ, ಮೊಳದುದ್ದದ ಕತ್ತರಿ. ಬಂದವರ ಹೆಗಲಿಗೆ ಟೇಪು ಹಿಡಿದರೆ ಸಾಕು, ಅವರ ಮನೆಯವರಿಗೂ ಗೊತ್ತಿಲ್ಲದ್ದು ಇವರಿಗೆ ಗೊತ್ತಾಗುತ್ತಿತ್ತು. ಈ ಸಾಹೇಬರ ಎಡಭುಜ ಒಂದು ಬೆರಳು ಇಳಿದಿದೆ. ಈ ಹೆಂಗಸಿನ ಬೆನ್ನು ಬಾಗಲು ಶುರುವಾಗಿದೆ. ಈ ಹಾಡುಗಾರನ ಹೊಟ್ಟೆ ಬರುವ ವರ್ಷಕ್ಕೆ ಇನ್ನೆರಡು ಇಂಚು. "ಮೈಯ ಐಬನ್ನ ಬಟ್ಟೆ ಮುಚ್ಚಬೇಕು, ಮುಚ್ಚಿದ್ದು ಯಾರಿಗೂ ಗೊತ್ತಾಗಬಾರದು" ಎಂದು ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಇಳಿದ ಭುಜಕ್ಕೆ ಒಳಗಿನಿಂದ ಹತ್ತಿಯ ತುಂಡು, ಬಾಗಿದ ಬೆನ್ನಿಗೆ ಒಂದು ನೆರಿಗೆ. ಹೀಗೆ ಊರಿನ ಅರ್ಧ ಜನರ ಗುಟ್ಟು ಮಾಸ್ಟರ ಹೊಟ್ಟೆಯೊಳಗಿತ್ತು. ಒಂದೂ ಹೊರಗೆ ಬೀಳಲಿಲ್ಲ.

ಅವರದೇ ಐಬು ಶುರುವಾದದ್ದು ಬೆರಳ ತುದಿಯಲ್ಲಿ. ಮೊದಲು ಜೋಮು, ಆಮೇಲೆ ನಡುಕ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಿದರೂ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಅಂಗಿಯ ಮೂರನೆಯ ಗುಂಡಿ ಕಾಜಾದೊಳಗೆ ಹೋಗೆನೆಂದು ಹಟ ಹಿಡಿಯಿತು. ಸಾವಿರಾರು ಕಾಜಾ ಹೊಲಿದ ಕೈ ಅದು! ಕನ್ನಡಿಯ ಮುಂದೆ ನಲವತ್ತು ನಿಮಿಷ ನಿಂತರು. ಹೊರಗಿನಿಂದ ಮಗಳು, "ಅಪ್ಪಾ, ಚಹಾ ಆರ್ತಿದೆ, ಏನ್ ಮಾಡ್ತಿದೀಯ?" ಎಂದು ಕೂಗಿದಳು. "ಬಂದೆ ಬಂದೆ" ಎಂದು ಗುಂಡಿ ಬಿಟ್ಟು ಮೇಲೊಂದು ಸ್ವೆಟರು ಎಳೆದುಕೊಂಡು ಹೊರಗೆ ಬಂದರು. ಸುಡುಬಿಸಿಲ ದಿನಗಳಲ್ಲಿ ಸ್ವೆಟರು ಹಾಕಿಕೊಂಡವರನ್ನು ನೋಡಿ ಮಗಳು ಹುಬ್ಬೇರಿಸಿದಳು, ಕೆಲಸಕ್ಕೆ ಹೊತ್ತಾಗಿದ್ದರಿಂದ ಹೊರಟುಬಿಟ್ಟಳು.

ಈ ಮಗಳ ವಿಷಯ ಹೇಳದೆ ಅವರ ಭಯ ಅರ್ಥವಾಗುವುದಿಲ್ಲ. ಅವಳದು ಸೇತುವೆಗಳ ಕೆಲಸ. ಹಳೆಯ ಸೇತುವೆಗಳ ಕೆಳಗೆ ಇಳಿದು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ, ಎಲ್ಲಿ ಬಿರುಕಿದೆ ಎಂದು ಬರೆದುಕೊಂಡು ಬರುವವಳು. ಆ ಕೆಲಸ ಅವಳಿಗೆ ಮೊದಲು ಸಿಕ್ಕಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಅದೇ ತಿಂಗಳು ಅವಳ ಅಮ್ಮ, ಮಾಸ್ಟರ ಹೆಂಡತಿ, ಹಾಸಿಗೆ ಹಿಡಿದರು. ಹದಿನಾಲ್ಕು ತಿಂಗಳು, ಅಮ್ಮ ತೀರಿಕೊಳ್ಳುವ ತನಕ, ಅವರನ್ನು ಎತ್ತಿ, ಒರೆಸಿ, ಸ್ನಾನ ಮಾಡಿಸಿದ್ದು ಮಗಳೇ. ಕೆಲಸ ಅವಳಿಗಾಗಿ ಕಾಯಲಿಲ್ಲ. ನಾಲ್ಕು ವರ್ಷವಾದ ಮೇಲೆ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕಾಯಿತು. ಆ ದಿನಗಳಲ್ಲೊಮ್ಮೆ ಮಾಸ್ಟರು ಅಂಗಡಿಯಿಂದ ಬೇಗ ಬಂದಾಗ ಮಗಳು ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಎರಡೂ ಕೈಗೆ ಸೋಪು ಉಜ್ಜುತ್ತಾ ಬಿಕ್ಕುತ್ತಿದ್ದಳು. ಬಾಗಿಲಲ್ಲೇ ನಿಂತು ನೋಡಿ, ಸದ್ದಿಲ್ಲದೆ ಮೆಟ್ಟಿಲಿಳಿದು ಹೋಗಿ, ಅರ್ಧ ಗಂಟೆ ಬಿಟ್ಟು ಕೆಮ್ಮುತ್ತಾ ಬಂದರು. ಹೆಂಡತಿ ಒಂದು ಸಲ ಹೇಳಿದ್ದರು, "ಹೆತ್ತ ಮಗಳ ಮುಂದೆ ದಿನಾ ಬೆತ್ತಲೆ ಕೂತ್ಕೋತೀನಲ್ಲ, ಅದರ ಮುಂದೆ ಈ ನೋವು ಏನೂ ಅಲ್ಲ. ನಿಮಗೆ ಹೀಗಾಗದಿರಲಿ."

ನಿಮಗೆ ಹೀಗಾಗದಿರಲಿ. ಮಾಸ್ಟರ ಭಯಕ್ಕೆ ಇದೇ ಬೇರು. ಬಚ್ಚಲಿನ ಬಾಗಿಲು ಹಾಕಿ, ಒಳಗಿನಿಂದ ಅಗುಳಿ ತಳ್ಳಿ, ತನ್ನ ಮೈಯನ್ನು ತಾನೇ ತೊಳೆದು, ತಾನೇ ಬಟ್ಟೆ ತೊಟ್ಟು ಹೊರಗೆ ಬರುವುದು. ಅಷ್ಟೇ ಅವರು ಕೇಳುತ್ತಿದ್ದದ್ದು. ಆ ಅಗುಳಿ ತಪ್ಪಿದರೆ ಎರಡೇ ದಾರಿ. ಒಂದು, ಮಗಳು ಮತ್ತೆ ಕೆಲಸ ಬಿಟ್ಟು ಕೈಗೆ ಸೋಪು ಉಜ್ಜುತ್ತಾ ಅಳುವುದು. ಇನ್ನೊಂದು, ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರವಿದ್ದ ಹಿರಿಯರ ನಿವಾಸ. ಜೊತೆಗೆ ಕೆಲಸ ಮಾಡಿದ್ದ ಕೋಟು ಹೊಲಿಯುವವನೊಬ್ಬ ಅಲ್ಲಿದ್ದ. ಅವನನ್ನು ನೋಡಲು ಮಾಸ್ಟರು ಒಮ್ಮೆ ಹೋಗಿದ್ದರು. ಅಲ್ಲಿ ಗಂಡಸು, ಹೆಂಗಸು, ದಪ್ಪ, ಸಣ್ಣ, ಎಲ್ಲರ ಮೈಮೇಲೂ ಒಂದೇ ನಿಲುವಂಗಿ. ಎಲ್ಲಕ್ಕೂ ಒಂದೇ ಅಳತೆ, ಹಿಂದೆ ಪೂರ್ತಿ ಸೀಳು, ಮೂರು ಲಾಡಿ. ನೋಡಿಕೊಳ್ಳುವವರಿಗೆ ಸುಲಭವಾಗಲಿ ಅಂತ. ಜೀವಮಾನವಿಡೀ ಕೋಟು ಹೊಲಿದವನು ಬೆನ್ನು ಬಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಮಾಸ್ಟರಿಗೆ ಅಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ.

ಗುಂಡಿ ಹಟ ಹಿಡಿದ ದಿನದ ರಾತ್ರಿ ನಿದ್ದೆ ಹಾರಿಹೋಯಿತು, ಬೆಳಿಗ್ಗೆ ಉಪಾಯ ಹೊಳೆಯಿತು. ಕೈಗೆ ಚಿವುಟಿ ಹಿಡಿಯುವ ಶಕ್ತಿ ಇರಲಿಲ್ಲ, ನಿಜ. ಆದರೆ ಅಂಗೈಯನ್ನು ಬಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು ಮನೆಯಲ್ಲಿದ್ದ ಹಳೆಯ ಹೊಲಿಗೆ ಮಿಷನ್ನಿನ ಕೆಳಗೆ ದೂಡಲು ಬರುತ್ತಿತ್ತು. ಮಗಳು ಹೋದ ಮೇಲೆ ಒಂದು ಅಂಗಿಯನ್ನು ಮೇಜಿನ ಮೇಲಿಟ್ಟು, ಹೇಗೋ ಹೆಣಗಿ ಗುಂಡಿಗಳನ್ನೆಲ್ಲ ಹಾಕಿದರು. ಮೇಲಿನ ಎರಡನ್ನು ಮಾತ್ರ ತಲೆ ತೂರಲು ಬಿಟ್ಟರು. ಆಮೇಲೆ ಗುಂಡಿ ಸಾಲಿನ ಮುಂಪಟ್ಟಿಯ ಅಂಚಿಗೆ ಉದ್ದಕ್ಕೂ ಒಂದು ಸಾಲು ಹೊಲಿಗೆ ಹಾಕಿಬಿಟ್ಟರು. ಅಷ್ಟೇ! ಇನ್ನು ಗುಂಡಿ ಬಿಚ್ಚುವ ಹಾಗೂ ಇಲ್ಲ, ಹಾಕುವ ಹಾಗೂ ಇಲ್ಲ, ತಲೆಯ ಮೇಲಿಂದ ಎಳೆದುಕೊಂಡರಾಯಿತು. ನೋಡಿದವರಿಗೆ ಗುಂಡಿ ಹಾಕಿದ ಅಂಗಿ. ಪ್ಯಾಂಟಿನ ಸೊಂಟಕ್ಕೆ ಒಳಗೆ ಎಲಾಸ್ಟಿಕ್ಕು, ಮೇಲೆ ಸುಳ್ಳು ಬೆಲ್ಟು. ತಿಂಗಳೊಳಗೆ ಹನ್ನೊಂದು ಅಂಗಿಗೂ ಹೀಗೇ ಬಾಯಿ ಹೊಲಿದರು. ಅವರ ಬದುಕಿನ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು, ಯಾರಿಗೂ ತೋರಿಸುವಂತಿರಲಿಲ್ಲ.

ಒಬ್ಬಳಿಗೆ ಮಾತ್ರ ಗೊತ್ತಾಯಿತು. ಕೆಳಗಿನ ಮನೆಯ ಇಸ್ತ್ರಿಯಮ್ಮ. ಅರವತ್ತರ ಹೆಂಗಸು, ಗಂಡಸಿನ ತೋಳು, ಹರಿತ ನಾಲಿಗೆ. ಎಲ್ಲರ ಕಣ್ಣಿಗೂ ಮಣ್ಣೆರಚಬಹುದು, ಅಂಗಿಯನ್ನು ಹಲಗೆಯ ಮೇಲೆ ಬಿಡಿಸಿ ಹಾಸುವವಳ ಕಣ್ಣಿಗೆ ಎರಚಲಾಗುತ್ತದೆಯೇ? ಒಂದು ಮಧ್ಯಾಹ್ನ ಅಂಗಿಗಳ ಗಂಟು ಹೊತ್ತುಕೊಂಡು ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ಮಾಸ್ಟ್ರೇ ಇದು? ಮೂಟೆಗೆ ಹೊಲಿಗೆ ಹಾಕ್ದಂಗೆ ಹಾಕಿದೀರಲ್ಲ! ಇದಕ್ಕೆ ನಾನು ಎಲ್ಲಿಂದ ಇಸ್ತ್ರಿ ತೂರಿಸ್ಲಿ?"

"ಹೊಸ ಫ್ಯಾಷನ್ ಅಮ್ಮ."

"ಓಹೋ, ಫ್ಯಾಷನ್ನಾ! ನನ್ನ ಕಿವಿಗೆ ಹೂ ಇಡ್ಬೇಡಿ. ಎಲ್ಲಿ, ಕೈ ತೋರ್ಸಿ."

ಮಾಸ್ಟರು ಕೈಯನ್ನು ಹಿಂದೆ ಕಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಸ್ತ್ರಿಯಮ್ಮನ ಮುಖದಲ್ಲಿದ್ದ ನಗು ಇಳಿಯಿತು.

"ಮಗಳಿಗೆ ಗೊತ್ತಾ?"

"ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬೇಡ."

"ಅಯ್ಯೋ ಬಿಡ್ತು ಅನ್ನಿ! ನೀವು ನನ್ನ ಕಾಲಿಗೆ ಬೀಳೋದಾ? ಹೇಳಲ್ಲ ಹೋಗಿ. ಊರ ಸೇತುವೆ ಬಿರುಕೆಲ್ಲ ಹುಡುಕ್ತಾಳೆ ಹುಡುಗಿ, ಮನೇಲಿರೋದು ಕಾಣಲ್ಲ. ದೀಪದ ಬುಡದಲ್ಲೇ ಕತ್ತಲು ನೋಡಿ." ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, "ಇದು ಒಳ್ಳೇದಲ್ಲ ಮಾಸ್ಟ್ರೇ" ಅಂದಳು. ಮಾಸ್ಟರು ಬಾಗಿಲು ಹಾಕಿಕೊಂಡರು.

ಆಮೇಲೆ ನರ್ಸು ಬರುವ ವಿಷಯ ಬಂತು. ಮಗಳಿಗೆ ಏನೋ ಅನುಮಾನ. ಅಪ್ಪ ಸೂಪು ಕುಡಿಯುವುದನ್ನು ಬಿಟ್ಟಿದ್ದಾನೆ, ಪತ್ರಿಕೆಯ ಪುಟ ತಿರುಗಿಸುವುದಿಲ್ಲ. ಆರೋಗ್ಯ ಕಚೇರಿಗೆ ಬರೆದಳು. ಅಲ್ಲಿಂದ ನರ್ಸೊಬ್ಬರು ಮನೆಗೆ ಬಂದು ಆರು ಕೆಲಸ ಮಾಡಿಸಿ ನೋಡುತ್ತಾರೆ: ಏಳುವುದು, ನಡೆಯುವುದು, ಪಾಯಿಖಾನೆಗೆ ಹೋಗಿ ಬರುವುದು, ತಿನ್ನುವುದು, ಬಟ್ಟೆ ತೊಡುವುದು, ಸ್ನಾನ. ಎಲ್ಲ ಮಾಡಿದರೆ ಏನೂ ಇಲ್ಲ. ಒಂದೋ ಎರಡೋ ಆಗದಿದ್ದರೆ ಬೆಳಿಗ್ಗೆ ಎರಡು ಗಂಟೆ ಒಬ್ಬ ಸಹಾಯಕ ಬರುತ್ತಾನೆ. ಮೂರು ಆಗದಿದ್ದರೆ ನಿವಾಸದ ಪಟ್ಟಿಗೆ ಹೆಸರು.

ಮೂರು! ಮಾಸ್ಟರು ಮನಸ್ಸಿನಲ್ಲೇ ಎಣಿಸಿದರು. ತಿನ್ನುವುದು, ತೊಡುವುದು, ಸ್ನಾನ. ಸರಿಯಾಗಿ ಮೂರು. ಹತ್ತು ದಿನ ಮಗಳು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಓದುವವರ ಹಾಗೆ ಅಭ್ಯಾಸ ಮಾಡಿದರು. ಎಲ್ಲಕ್ಕಿಂತ ಸಡಿಲವಾದ ಬಿಳಿ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುವುದು, ತೆಗೆಯುವುದು. ಮತ್ತೆ ಎಳೆದುಕೊಳ್ಳುವುದು, ತೆಗೆಯುವುದು. ಗಡಿಯಾರ ನೋಡಿಕೊಂಡು.

ನರ್ಸಮ್ಮ ಬಂದರು. ಚಿಕ್ಕ ವಯಸ್ಸು, ನಗುಮುಖ, ತೊಡೆಯ ಮೇಲೆ ಕಾಗದದ ಹಲಗೆ. ಮಾಸ್ಟರು ಎದ್ದರು, ಕೂತರು, ನಡೆದರು. "ಏನಾದ್ರೂ ತಿಂದು ತೋರ್ಸಿ ತಾತಾ" ಎಂದಾಗ ಚಮಚದ ತಂಟೆಗೆ ಹೋಗದೆ ಬ್ರೆಡ್ಡಿನ ಚೂರನ್ನು ಅಂಗೈಯಲ್ಲಿಟ್ಟು ಬಾಯಿಗೆ ಹಾಕಿಕೊಂಡರು. ಸ್ನಾನದ ಬಗ್ಗೆ ಕೇಳಿದಾಗ, "ಹುಟ್ಟಿದಾಗಿಂದ ಮಾಡ್ತಿದೀನಲ್ಲಮ್ಮ" ಎಂದು ನಗಿಸಿದರು. ಬಟ್ಟೆಯ ಸರದಿ ಬಂತು. "ಹೆಂಗಸರ ಮುಂದೆ ಮೈ ಬಿಡಲ್ಲ ನಾನು, ಒಳಗೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ, ನೀವು ಎಷ್ಟು ಹೊತ್ತು ಅಂತ ನೋಡ್ಕೊಳ್ಳಿ" ಅಂದರು. ಒಳಗೆ ಹೋದರು. ತೊಟ್ಟಿದ್ದ ಅಂಗಿ ಕಿತ್ತೆಸೆದರು, ಬಿಳಿಯದನ್ನು ಎಳೆದುಕೊಂಡರು, ಕಾಲರು ನೀವಿಕೊಂಡು ಹೊರಗೆ ಬಂದರು. ಒಂದೂವರೆ ನಿಮಿಷ.

"ಅಬ್ಬಾ!" ಎಂದರು ನರ್ಸಮ್ಮ. "ನಮ್ಮೆಜಮಾನ್ರಿಗೂ ಇಷ್ಟು ಬೇಗ ಆಗಲ್ಲ." ಆರು ಕಡೆಯೂ ಗುರುತು ಹಾಕಿ, ಕೆಳಗೆ "ಯಾವ ಸಹಾಯವೂ ಬೇಡ" ಎಂದು ಬರೆದು ಮಗಳ ಕೈಗೆ ಕೊಟ್ಟರು.

ಮಗಳು ಆ ಕಾಗದವನ್ನು ಎರಡು ಸಲ ಓದಿದಳು. ಅವಳ ಭುಜ ಅರ್ಧ ಇಂಚು ಕೆಳಗಿಳಿದದ್ದು ಮಾಸ್ಟರ ಕಣ್ಣಿಗೆ ಬಿತ್ತು. ಭುಜ ನೋಡುವುದರಲ್ಲಿ ಅವರು ತಪ್ಪುವವರಲ್ಲ. ಎಷ್ಟು ತಿಂಗಳಿಂದ ಬಿಗಿಹಿಡಿದಿದ್ದಳೋ. "ಹಾಗಾದ್ರೆ ನಾನು ಹೋಗ್ಬಹುದಾ ಅಪ್ಪಾ?" ಎಂದಳು. ದೂರದ ದೊಡ್ಡ ನದಿಯ ಸೇತುವೆ, ಮೂರು ದಿನದ ಕೆಲಸ, ಮೇಲ್ವಿಚಾರಣೆ ಅವಳದೇ. ಎರಡು ಸಲ ಬೇಡವೆಂದಿದ್ದಳಂತೆ. "ಹೋಗು ಹೋಗು, ನನ್ನದೇನು" ಅಂದರು. ಗೆದ್ದೆ ಎಂದು ಹಿಗ್ಗಬೇಕಿತ್ತು. ಹಿಗ್ಗು ಬರಲಿಲ್ಲ.

ಸೋಮವಾರ ಅವಳು ಹೊರಟಳು. ಮಾಡಬಾರದ ಕೆಲಸವನ್ನು ಮಾಸ್ಟರು ಆ ಮಧ್ಯಾಹ್ನವೇ ಮಾಡಿದರು. ಪರೀಕ್ಷೆ ಪಾಸಾದ ಸೊಕ್ಕು ಅಂತಲೇ ಹೇಳಬೇಕು. ಮಗಳು ತನ್ನ ಬಡ್ತಿಯ ದಿನ ತಂದುಕೊಟ್ಟಿದ್ದ ನೀಲಿ ಅಂಗಿಯೊಂದು ಕಪಾಟಿನಲ್ಲೇ ಉಳಿದಿತ್ತು. ಸಣ್ಣ ಗುಂಡಿ, ಮೈಗೆ ಹತ್ತಿದ ಹೊಲಿಗೆ. "ಯಾಕಪ್ಪಾ ಹಾಕ್ಕೊಳ್ಳಲ್ಲ, ಬಣ್ಣ ಇಷ್ಟ ಆಗ್ಲಿಲ್ವಾ?" ಎಂದು ಎರಡು ಸಲ ಕೇಳಿದ್ದಳು. ಅವಳು ಬರುವಾಗ ಅದನ್ನೇ ತೊಟ್ಟು ಬಾಗಿಲು ತೆಗೆಯಬೇಕು ಎಂದು ಅದಕ್ಕೂ ಬಾಯಿ ಹೊಲಿದರು. ಎದೆಗೆ, ಹೆಗಲಿಗೆ ಟೇಪು ಹಿಡಿದು ನೋಡಿದರು, ಸರಿಯಾಗಿತ್ತು. ಅಯ್ಯೋ ಮಾಸ್ಟರೇ! ನಲವತ್ತಾರು ವರ್ಷ ಅವರು ಅಳತೆ ತೆಗೆದದ್ದೆಲ್ಲ ನೆಟ್ಟಗೆ ನಿಂತು ಕೈ ಇಳಿಬಿಟ್ಟವರ ಮೈಯನ್ನು. ದರ್ಜಿಯ ಮುಂದೆ ಎಲ್ಲರೂ ನಿಲ್ಲುವುದು ಹಾಗೇ. ಕೈ ಎರಡನ್ನೂ ಮೇಲೆತ್ತಿದ ಮುದುಕನ ಅಳತೆ ಬೇರೆ ಎಂದು ಅವರ ತಲೆಗೆ ಹೊಳೆಯಲೇ ಇಲ್ಲ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಬಚ್ಚಲಿಗೆ ಹೋದರು. ಅಂಗೈಯಿಂದ ಅಗುಳಿ ತಳ್ಳಿದರು. ಸ್ನಾನವಾಯಿತು. ನಲ್ಲಿ ಪೂರ್ತಿ ತಿರುಗಿಸಲು ಬಾರದೆ ನೀರು ಬೆರಳುದಪ್ಪ ಸುರಿಯುತ್ತಲೇ ಇತ್ತು. ಆಮೇಲೆ ಮೊಣಕೈಯಿಂದ ತಿರುಗಿಸಿದರಾಯಿತು ಎಂದುಕೊಂಡರು. ಮೈ ಸರಿಯಾಗಿ ಒರೆಸಿಕೊಳ್ಳಲು ಕೈ ಬೆನ್ನಿಗೆ ಹೋಗುವುದಿಲ್ಲ, ಹಾಗಾಗಿ ಒದ್ದೆ ಮೈಯ ಮೇಲೇ ನೀಲಿ ಅಂಗಿ ಹೇಗೆ ಕೂರುತ್ತದೆ ನೋಡೋಣ ಎಂದು ಎರಡು ತೋಳೂ ತೂರಿಸಿ, ತಲೆ ಒಳಗೆ ಹಾಕಿ, ಎಳೆದರು.

ಅಂಗಿ ಹೆಗಲ ತನಕ ಬಂತು, ಅಲ್ಲೇ ನಿಂತಿತು. ಇನ್ನೊಮ್ಮೆ ಎಳೆದರು. ಒದ್ದೆ ಚರ್ಮಕ್ಕೆ ಬಟ್ಟೆ ಅಂಟಿಕೊಂಡಿತು. ಸರಿ, ತೆಗೆಯೋಣ ಎಂದು ಮೇಲಕ್ಕೆ ನೂಕಿದರು. ಮೇಲಕ್ಕೂ ಹೋಗಲಿಲ್ಲ. ಎರಡು ಕೈಯೂ ಕಿವಿಯ ಪಕ್ಕ ಆಕಾಶ ನೋಡುತ್ತಾ ನಿಂತುಬಿಟ್ಟವು. ಮುಖದ ತುಂಬ ನೀಲಿ ಬಟ್ಟೆ, ಕಣ್ಣಿಗೆ ಏನೂ ಕಾಣದು. ಉಸಿರೆಳೆದರೆ ಬಟ್ಟೆ ಬಾಯೊಳಗೆ ಬಂತು.

"ಗಾಬರಿ ಬೇಡ, ಗಾಬರಿ ಬೇಡ" ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡ ಧ್ವನಿ ಕೇಳಿಯೇ ಗಾಬರಿಯಾಯಿತು. ಎಡಭುಜದಲ್ಲಿ ಚಳಕು ಹೊಡೆಯಿತು. ಟವೆಲ್ಲು ಸೊಂಟದಿಂದ ಜಾರಿ ಬಿತ್ತು, ಬಿದ್ದದ್ದು ನೀರು ಹೋಗುವ ತೂತಿನ ಮೇಲೆ. ಸ್ವಲ್ಪ ಹೊತ್ತಿಗೆ ಪಾದದ ಬೆರಳು ನೀರಲ್ಲಿ ಮುಳುಗಿದವು, ಆಮೇಲೆ ಕಾಲಿನ ಗಿಣ್ಣು. ಕಾಲ ಕೆಳಗಿನ ಹೆಂಚು ನುಣುಪು. ಒಂದು ಹೆಜ್ಜೆ ತಪ್ಪಿದರೆ ಹಿಡಿದುಕೊಳ್ಳಲು ಕೈಯಿಲ್ಲ, ತಲೆ ಎಲ್ಲಿ ಬಡಿಯುತ್ತದೆ ನೋಡಲು ಕಣ್ಣಿಲ್ಲ. ಅಗುಳಿ ಎಲ್ಲೋ ಎದುರಿಗಿತ್ತು, ಅವರೇ ಹಾಕಿದ್ದು. ಮಾಸ್ಟರು ಗೋಡೆಗೆ ಬೆನ್ನು ಒತ್ತಿ ನಿಂತರು. ಹೊರಗೆ ಫೋನು ಬಡಿದುಕೊಂಡಿತು. ಮಗಳು. ನಿಂತಿತು. ಮತ್ತೆ ಬಡಿದುಕೊಂಡಿತು. ಅವಳು ಬರುವುದು ಗುರುವಾರ. ಇವತ್ತು ಮಂಗಳವಾರ. ಯಾವ ಸಹಾಯವೂ ಬೇಡ ಎಂಬ ಕಾಗದವನ್ನು ಅಡಿಗೆಮನೆಯ ಗೋಡೆಗೆ ಅವಳೇ ಅಂಟಿಸಿ ಹೋಗಿದ್ದಳು.

ಎಷ್ಟು ಹೊತ್ತಾಯಿತೋ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಚಿಲಕ ಹಾಕದ ಮುಂಬಾಗಿಲು ತೆರೆದ ಸದ್ದು, ಆಮೇಲೆ ಬಚ್ಚಲ ಬಾಗಿಲಿಗೆ ಬಡಿತ.

"ಮಾಸ್ಟ್ರೇ! ನಮ್ಮನೆ ಚಾವಣಿಯಿಂದ ನೀರು ಸೋರ್ತಿದೆ! ನಿಮ್ಮ ಮಗಳು ಬೇರೆ ಫೋನ್ ಮಾಡಿದ್ಲು, ನೀವು ಎತ್ತಲ್ವಂತೆ. ಒಳಗಿದೀರಾ?"

ಇಸ್ತ್ರಿಯಮ್ಮ. ದೇವರೇ ಬಂದ ಹಾಗೆ ಬಂದಿದ್ದಳು. ಕೂಗಬೇಕು ತಾನೇ? ಮಾಸ್ಟರಿಗೆ ತಮ್ಮ ಬೆತ್ತಲೆ ಕಾಲು, ಬೆತ್ತಲೆ ಹೊಟ್ಟೆ ನೆನಪಾಯಿತು. ಬಾಗಿಲು ತೆರೆದರೆ ಎಲ್ಲ ಮುಗಿಯಿತು. ಮಗಳಿಗೆ ಗೊತ್ತಾಗುತ್ತದೆ, ನರ್ಸಮ್ಮನಿಗೆ ಗೊತ್ತಾಗುತ್ತದೆ, ಮೂರು ಲಾಡಿಯ ನಿಲುವಂಗಿ ಬರುತ್ತದೆ. ನಂಬುತ್ತೀರೋ ಇಲ್ಲವೋ, ಆ ಮನುಷ್ಯ ಬಟ್ಟೆಯೊಳಗಿಂದಲೇ ಗಂಟಲು ಸರಿಮಾಡಿಕೊಂಡು, "ಏನಿಲ್ಲಮ್ಮ, ಸ್ನಾನ ಮಾಡ್ತಿದೀನಿ. ನಲ್ಲಿ ನಿಲ್ಲಿಸ್ತೀನಿ" ಎಂದರು.

"ಸರಿ ಬಿಡಿ, ನಾನು ಎಲ್ಲಿ ಏನಾಯ್ತೋ ಅಂತ ಹೆದರಿದ್ದೆ. ಅವಳಿಗೆ ಹೇಳ್ತೀನಿ" ಎಂದಳು. ಹೆಜ್ಜೆಗಳು ತಿರುಗಿದವು. ಒಂದು ಮೆಟ್ಟಿಲು. ಎರಡು. ಮೂರು. ನಾಲ್ಕನೆಯ ಮೆಟ್ಟಿಲಿನ ಸದ್ದು ಸಣ್ಣದಾಗಿ ಕೇಳಿತು, ಐದನೆಯದು ಕೇಳಿಸಲೇ ಇಲ್ಲ. ಈಗ ಸಾಯುತ್ತೇನೆ ಎಂದು ಮಾಸ್ಟರಿಗೆ ಖಾತ್ರಿಯಾಯಿತು. ಇಲ್ಲೇ, ನಿಂತಲ್ಲೇ, ತಾನು ಹೊಲಿದದ್ದರೊಳಗೇ. ಜೀವ ಬಾಯಿಗೆ ಬಂತು.

"ಬಾರಮ್ಮಾ!" ಎಂದು ಕಿರುಚಿದರು. "ಹೋಗ್ಬೇಡ! ನನ್ನ ಕೈಲಿ ಆಗ್ತಿಲ್ಲ! ಬಾರೇ!"

ಅಷ್ಟು ದೊಡ್ಡ ಧ್ವನಿ ಅವರ ಗಂಟಲಿನಿಂದ ಯಾವತ್ತೂ ಬಂದಿರಲಿಲ್ಲ. ಇಸ್ತ್ರಿಯಮ್ಮ ದಡದಡ ಹತ್ತಿ ಬಂದಳು, ಬಾಗಿಲು ನೂಕಿದಳು, ಬೈದಳು, ಕೆಳಗೆ ಓಡಿದಳು. ಮತ್ತೆ ಬಂದಾಗ ಅವಳ ಕೈಯಲ್ಲಿ ಎಂಟು ಸೇರಿನ ಹಳೆಯ ಇಸ್ತ್ರಿಪೆಟ್ಟಿಗೆಯಿತ್ತು. ನಾಲ್ಕು ಏಟಿಗೆ ಅಗುಳಿ ಕಿತ್ತು ನೀರಿಗೆ ಬಿತ್ತು. ಒಳಗೆ ಬಂದವಳೇ ಮೊದಲು ನಲ್ಲಿ ನಿಲ್ಲಿಸಿದಳು, ಆಮೇಲೆ ಟವೆಲ್ಲು ಹಿಂಡಿ ಸೊಂಟಕ್ಕೆ ಸುತ್ತಿದಳು. ಒಂದು ಮಾತೂ ಆಡಲಿಲ್ಲ, ಅವಳಂಥವಳು! ಮಾಸ್ಟರದೇ ಕತ್ತರಿ ತಂದು ಕಂಕುಳಿನಿಂದ ಕಾಲರಿನ ತನಕ ಸೀಳಿದಳು. ಬೆಳಕು ಬಂತು. ಮಾಸ್ಟರು ಅವಳ ಹೆಗಲಿಗೆ ಹಣೆ ಕೊಟ್ಟು ಮಗುವಿನ ಹಾಗೆ ಅತ್ತರು.

"ನಾನು ಅವತ್ತೇ ಹೇಳ್ಬೇಕಿತ್ತು" ಎಂದಳು ಇಸ್ತ್ರಿಯಮ್ಮ. "ಈಗ ಹೇಳ್ತೀನಿ. ನೀವು ಕಾಲಿಗಲ್ಲ, ಎಲ್ಲಿಗೆ ಬಿದ್ರೂ ಸರಿ."

ಮಗಳು ಸಂಜೆಗೆ ಬಂದಳು. ಬೂಟಿಗೆ ನದಿಯ ಕೆಸರು ಹಾಗೇ ಇತ್ತು. ಕಪಾಟು ತೆಗೆದು ಅಂಗಿಗಳನ್ನು ಒಂದೊಂದಾಗಿ ಹೊರಗೆ ಹಾಕಿದಳು, ಮುಂಪಟ್ಟಿ ಹಿಡಿದು ಎಳೆದು ನೋಡಿದಳು. ಹನ್ನೊಂದು. ನೆಲದ ಮೇಲೆ ಅವುಗಳ ನಡುವೆ ಕೂತಳು.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

"ನಾನು ಆ ಕಾಗದ ನಂಬ್ಕೊಂಡು ಹೋದೆ ಅಪ್ಪಾ. ನೀನು ಅಲ್ಲೇ ಸತ್ತಿದ್ರೆ ನಾನು ಏನಂತ ಬದುಕ್ಬೇಕಿತ್ತು? ಯಾಕೆ ಹೀಗ್ ಮಾಡ್ದೆ?"

"ನಿಮ್ಮಮ್ಮನಿಗೆ ಮಾಡಿದ್ದೆಲ್ಲ ನಂಗೂ ಮಾಡ್ಬೇಕಾಗತ್ತೆ ಅಂತ." ಮಾಸ್ಟರು ನೆಲ ನೋಡುತ್ತಾ ಹೇಳಿದರು. "ನೀನು ಅಡಿಗೆಮನೇಲಿ ಅಳ್ತಿದ್ದದ್ದು ನೋಡಿದ್ದೆ."

ಮಗಳು ಕೈಯಲ್ಲಿದ್ದ ಅಂಗಿಯನ್ನು ಮಡಚಿಟ್ಟಳು. ಆಮೇಲೆ ಫೋನು ತೆಗೆದು ನರ್ಸಮ್ಮನಿಗೆ ಮತ್ತೊಮ್ಮೆ ಬರಲು ಹೇಳಿದಳು.

ಶುಕ್ರವಾರ ನರ್ಸಮ್ಮ ಬಂದರು. ಈ ಸಲ ನಗುವಿರಲಿಲ್ಲ. ಮಗಳ ಹಳೆಯ ಅಂಗಿಯೊಂದನ್ನು, ಮುಂದೆ ಬಿಚ್ಚುವಂಥದ್ದನ್ನು, ಮಾಸ್ಟರ ತೊಡೆಯ ಮೇಲಿಟ್ಟರು. ಮಾಸ್ಟರು ಗುಂಡಿಯನ್ನು ಹಿಡಿಯಲು ಹೋದರು, ಜಾರಿತು, ಹಿಡಿದರು, ಜಾರಿತು. "ಆಗಲ್ಲ" ಎಂದರು ಕೊನೆಗೆ. ಒಂದು. ಚಮಚದಲ್ಲಿ ನೀರು ಕೊಟ್ಟರು. ಬಾಯಿಗೆ ಹೋಗುವಷ್ಟರಲ್ಲಿ ಮುಕ್ಕಾಲು ಎದೆಯ ಮೇಲೆ ಚೆಲ್ಲಿತ್ತು. ಎರಡು.

"ಸ್ನಾನ?" ಎಂದರು ನರ್ಸಮ್ಮ. "ಅಂಗಿ ವಿಷಯ ಬಿಡಿ. ಸ್ನಾನ ಒಬ್ಬರೇ ಮಾಡ್ತೀರಾ?"

ಮಾಸ್ಟರಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹೂಂ ಅಂದರೆ ಎರಡಕ್ಕೆ ನಿಲ್ಲುತ್ತದೆ, ಮನೆಯಲ್ಲೇ ಉಳಿಯಬಹುದು. ಸಣ್ಣದೊಂದು ಹೂಂ. ಮಗಳು ಅವರನ್ನು ನೋಡುತ್ತಿರಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದಳು. ಐದನೆಯ ಮೆಟ್ಟಿಲಿನ ಸದ್ದು ಕೇಳಿಸದೆ ಹೋದ ಆ ಗಳಿಗೆ ಮಾಸ್ಟರ ಮೈಮೇಲೆ ಬಂದ ಹಾಗಾಯಿತು.

"ಇಲ್ಲ" ಎಂದರು. "ಆಗಲ್ಲ. ನಲ್ಲಿ ನಿಲ್ಲಿಸೋಕೂ ಬರಲ್ಲ ನಂಗೆ."

ನರ್ಸಮ್ಮ ಮೂರನೆಯ ಗುರುತು ಹಾಕಿದರು. "ಮೂರಾಯ್ತು. ಮನೇಲಿ ಯಾರಾದ್ರೂ ಪೂರ್ತಿ ಹೊಣೆ ಹೊತ್ತು ಸಹಿ ಹಾಕಿದ್ರೆ ಸಹಾಯಕರನ್ನ ಕೊಡಬಹುದು. ಇಲ್ಲಾಂದ್ರೆ ನಿವಾಸ." ಮಗಳ ಕಡೆ ತಿರುಗಿದರು. "ದಿನಾ ಸ್ನಾನ, ಬಟ್ಟೆ, ನೀವು ಮಾಡಿಸ್ತೀರಾ?"

"ನಾನು ಮಾಡ್ಸಲ್ಲ" ಎಂದಳು ಮಗಳು.

ಮಾಸ್ಟರ ಕಣ್ಣ ಮುಂದೆ ಮೂರು ಲಾಡಿಯ ನಿಲುವಂಗಿ ಬಂತು.

"ಹೊಣೆ ನಂದೇ, ಸಹಿ ಹಾಕ್ತೀನಿ. ಮನೆ ಬಿಟ್ಟು ಎಲ್ಲೂ ಕಳಿಸಲ್ಲ. ಆದ್ರೆ ಸ್ನಾನ ಮಾಡ್ಸೋದು ನನ್ನ ಕೈಲಿ ಆಗಲ್ಲ." ಅವಳ ಧ್ವನಿ ಒಡೆಯಿತು. "ಅಮ್ಮನಿಗೆ ಮಾಡ್ದಾಗ್ಲೂ ಆಗ್ತಿರ್ಲಿಲ್ಲ. ಆಗತ್ತೆ ಅಂತ ಮಾಡ್ದೆ. ಹದಿನಾಲ್ಕು ತಿಂಗಳು ನಂಗೆ ದಿನಾ ಭಯ ಆಗ್ತಿತ್ತು, ಯಾರಿಗೂ ಹೇಳ್ಲಿಲ್ಲ. ಬೇರೆ ಯಾರನ್ನಾದ್ರೂ ಕಳಿಸಿ. ಗಂಡಸರನ್ನ."

ಮಾಸ್ಟರು ತಲೆಯೆತ್ತಿ ಮಗಳನ್ನು ನೋಡಿದರು. ಒಂದೂವರೆ ವರ್ಷದಿಂದ ಎದೆಯೊಳಗೆ ಬಿಗಿದಿದ್ದದ್ದು ಸಡಿಲವಾಯಿತು, ಎಷ್ಟು ಸಡಿಲವಾಯಿತೆಂದರೆ ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಯಿತು. ಅವಳು ಮಾಡಿಸುತ್ತೇನೆ ಎಂದಿದ್ದರೆ ಅವರು ಬದುಕುತ್ತಿರಲಿಲ್ಲ. "ನಂಗೂ ಅದೇ ಬೇಕಿತ್ತು ಮಗಾ" ಎಂದರು. ನರ್ಸಮ್ಮ ಆಗಲಿ ಎಂದು ಕಾಗದ ಸರಿಸಿದರು, ಅವಳು ಸಹಿ ಹಾಕಿದಳು.

ನರ್ಸಮ್ಮ ಹೋದರು. ಸಹಾಯಕ ಮರುದಿನ ಬೆಳಿಗ್ಗೆ ಏಳಕ್ಕೇ ಬರುವವನಿದ್ದ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕೈ ಒರಟೋ ಮೃದುವೋ ಗೊತ್ತಿಲ್ಲ. ಅಗುಳಿಯಿಲ್ಲದ ಬಾಗಿಲಿನೊಳಗೆ ಅವನ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕು. ಮಗಳು ಎದುರಿಗೆ ನೆಲದ ಮೇಲೆ ಕೂತು ಸಣ್ಣ ಕತ್ತರಿಯಿಂದ ಅಂಗಿಗಳ ಹೊಲಿಗೆ ಬಿಚ್ಚುತ್ತಿದ್ದಳು.

"ನಂಗೆ ನಾಳೆ ನೆನೆಸ್ಕೊಂಡ್ರೆ ಭಯ ಆಗ್ತಿದೆ" ಎಂದರು ಮಾಸ್ಟರು.

ಮಗಳು ಕತ್ತರಿ ನಿಲ್ಲಿಸಿದಳು. "ನಂಗೂ ಅಪ್ಪಾ" ಎಂದಳು. "ನಾನು ಹೊರಗೆ ಬಾಗಿಲ ಹತ್ರ ಕೂತಿರ್ತೀನಿ. ಆಗದೇ ಇದ್ರೆ ಕೂಗು."